ಚಾರ್ಜರ್ ತೆಗೆದೊಡನೆ ಲ್ಯಾಪ್‌ಟಾಪ್ ಬಂದ್

ಪ್ರಶ್ನೆ: ಬೆಟಗೇರಿಯಲ್ಲಿ ಮುದ್ರಣಾಲಯಗಳಿಗೆ ಲಗ್ನಪತ್ರಿಕೆಯ ಡಿಟಿಪಿ ಮಾಡಿಕೊಡುತ್ತೇನೆ. ನಾಲ್ಕು ವರ್ಷ ಹಳೆಯ ಲ್ಯಾಪ್‌ಟಾಪ್ ದಿನವಿಡೀ ಚಾರ್ಜರಿನಲ್ಲೇ ಇರುತ್ತದೆ. ಈಗ ಕರೆಂಟ್ ಹೋದ ಕ್ಷಣವೇ ಅದೂ ಆರಿಹೋಗುತ್ತದೆ. ಬ್ಯಾಟರಿ ಮಾತ್ರ ನೂರಕ್ಕೆ ನೂರು ತೋರಿಸುತ್ತದೆ! ರಿಪೇರಿಯವರು ಮದರ್‌ಬೋರ್ಡ್ ಬದಲಿಸಬೇಕು ಎನ್ನುತ್ತಾರೆ. ಬದಲಿಸಲೇ?
– ಓದುಗರೊಬ್ಬರು, ಗದಗ

ಉತ್ತರ: ಸದ್ಯಕ್ಕೆ ಬೇಡ. ನನ್ನ ಅನುಮಾನ ಬ್ಯಾಟರಿಯ ಮೇಲೆಯೇ.

ಆ ನೂರು ಎಂಬ ಅಂಕಿ ಬ್ಯಾಟರಿಯೊಳಗಿನ ಚಿಪ್ ಹಾಕಿದ ಅಂದಾಜು, ಅಷ್ಟೆ. ಲಿಥಿಯಂ ಸೆಲ್ ಸವೆದಂತೆ ಅದರೊಳಗಿನ ವಿದ್ಯುತ್ ರೋಧ ಹೆಚ್ಚುತ್ತದೆ. ಚಾರ್ಜರ್ ಇರುವಾಗ ಬ್ಯಾಟರಿಗೆ ಕೆಲಸವಿಲ್ಲ, ವೋಲ್ಟೇಜ್ ಸರಿಯಾಗಿಯೇ ಕಾಣುತ್ತದೆ. ಕರೆಂಟ್ ಹೋಗಿ ಇಡೀ ಲ್ಯಾಪ್‌ಟಾಪಿನ ಹೊರೆ ಒಮ್ಮೆಲೇ ಮೈಮೇಲೆ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ. ಸದಾ ಪೂರ್ತಿ ಚಾರ್ಜಿನಲ್ಲಿ, ಅದೂ ನಮ್ಮ ಕಡೆಯ ಬೇಸಿಗೆಯಲ್ಲಿ ಇಟ್ಟರೆ ಸವಕಳಿ ಇನ್ನೂ ಬೇಗ.

ಇದನ್ನು ನೀವೇ ನೋಡಬಹುದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ ‘powercfg /batteryreport’ ಎಂದು ಬರೆದು ಎಂಟರ್ ಒತ್ತಿ. ವರದಿ ಎಲ್ಲಿ ಉಳಿದಿದೆ ಎಂಬುದನ್ನು ಅದೇ ತೋರಿಸುತ್ತದೆ. ಅದರಲ್ಲಿ ‘ಡಿಸೈನ್ ಕೆಪ್ಯಾಸಿಟಿ’ (ಹೊಸದಿದ್ದಾಗಿನ ಸಾಮರ್ಥ್ಯ) 41,000 ಇದ್ದು, ‘ಫುಲ್ ಚಾರ್ಜ್ ಕೆಪ್ಯಾಸಿಟಿ’ (ಈಗ ಪೂರ್ತಿ ತುಂಬಿದಾಗಿನ ಸಾಮರ್ಥ್ಯ) 15,000ಕ್ಕೆ ಇಳಿದಿದ್ದರೆ ಬ್ಯಾಟರಿಯ ಕಾಲ ಮುಗಿಯಿತು. ನೂರು ಎಂದರೆ ಆ ಉಳಿದ ಹದಿನೈದು ಸಾವಿರದ ನೂರು!

ಅಂಕಿಗಳು ಚೆನ್ನಾಗಿಯೇ ಇದ್ದರೆ? ಬಯೋಸ್ ಪರದೆ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ಸ್ ಪರದೆ, ತೆರೆದು ಚಾರ್ಜರ್ ತೆಗೆಯಿರಿ. ಅಲ್ಲಿಯೂ ಆರಿದರೆ ವಿಂಡೋಸ್‌ನ ತಪ್ಪಲ್ಲ, ಅದನ್ನು ಮತ್ತೆ ಹಾಕಿಸಲು ದುಡ್ಡು ಕೊಡಬೇಡಿ. ಒಳಗಿನ ಬ್ಯಾಟರಿ ಕನೆಕ್ಟರ್ ಸಡಿಲವಾಗಿರಬಹುದು. ಅದೇ ಮಾದರಿಯ ಸರಿಯಿರುವ ಇನ್ನೊಂದು ಬ್ಯಾಟರಿ ಹಾಕಿ ತೋರಿಸಿ ಎಂದು ರಿಪೇರಿಯವರನ್ನು ಕೇಳಿ. ಆಗಲೂ ಆರಿದರೆ ಮಾತ್ರ ಮದರ್‌ಬೋರ್ಡಿನ ಮಾತು. ಆಗಲೂ ಇಡೀ ಬೋರ್ಡ್ ಬದಲಿಸದೆ ಪವರ್ ಸರ್ಕ್ಯೂಟ್ ಮಾತ್ರ ಸರಿಪಡಿಸಲು ಆಗುತ್ತದೆಯೇ ಎಂದು ವಿಚಾರಿಸಿ.

ಒಂದು ಎಚ್ಚರಿಕೆ: ಟಚ್‌ಪ್ಯಾಡ್ ಉಬ್ಬಿದ್ದರೆ ಅಥವಾ ಮುಚ್ಚಳ ಸರಿಯಾಗಿ ಕೂರದಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದು ಭಾವಿಸಿ, ಬಳಕೆಯನ್ನು ಅಲ್ಲಿಗೇ ನಿಲ್ಲಿಸಿ. ಒತ್ತುವುದು, ಚುಚ್ಚುವುದು ಬೇಡವೇ ಬೇಡ, ಬೆಂಕಿ ಹತ್ತಬಹುದು.

ಹೊಸದನ್ನು ಹುಬ್ಬಳ್ಳಿಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಹಳೆಯದರ ಮೇಲಿನ ಪಾರ್ಟ್ ನಂಬರ್, ವೋಲ್ಟೇಜ್ ಹೊಂದಿಸಿ ನೋಡಿ. ಹಾಕಿಸಿದ ಮೇಲೆ ಅದೇ ವರದಿಯನ್ನು ಅಂಗಡಿಯಲ್ಲೇ ತೆಗೆಸಿ. ಹೊಸ ಬ್ಯಾಟರಿಯ ಎರಡೂ ಅಂಕಿಗಳು ಹತ್ತಿರ ಹತ್ತಿರ ಇರಬೇಕು. ಹಳೆಯದನ್ನು ಕಸದ ಗಾಡಿಗೆ ಹಾಕದೆ ಅಂಗಡಿಯವರಿಗೋ ಇ-ತ್ಯಾಜ್ಯ ಸಂಗ್ರಹಿಸುವವರಿಗೋ ಕೊಡಿ.