ಬಿಸ್ಟ್ರೊ ಎಂದು ಬೋರ್ಡು ಬರೆಸುವ ಮುನ್ನ

ಪ್ರಶ್ನೆ: ಗೆಳತಿಯೂ ನಾನೂ ಸೇರಿ ಮೈಸೂರಿನಲ್ಲಿ ಮೂವತ್ತು ಜನ ಕೂರುವಷ್ಟು ಚಿಕ್ಕ ರೆಸ್ಟೋರೆಂಟ್ ತೆರೆಯುತ್ತಿದ್ದೇವೆ. ಒಂದಷ್ಟು ಫ್ರೆಂಚ್ ಅಡುಗೆಗಳೂ ಇರುತ್ತವೆ. ಬೋರ್ಡಿನ ಮೇಲೆ ‘ಬಿಸ್ಟ್ರೊ’ ಎಂದಿರಲಿ ಎನ್ನುತ್ತಾಳೆ ಅವಳು. ನನಗೆ ‘ಬ್ರಾಸರಿ’ ಹೆಚ್ಚು ಗತ್ತಿನದು ಎನಿಸುತ್ತದೆ. ಯಾವುದು ಸರಿ? ಬಿಸ್ಟ್ರೊ ಮೂಲದಲ್ಲಿ ರಷ್ಯನ್ ಪದ ಎಂಬುದು ನಿಜವೇ?

ಉತ್ತರ: ನಿಮ್ಮ ಗೆಳತಿಯ ಆಯ್ಕೆಯೇ ಸರಿ.

ಬ್ರಾಸರಿ ಎಂದರೆ ಮೂಲತಃ ಬಿಯರ್ ತಯಾರಿಸುವ ಜಾಗ. 1871ರಲ್ಲಿ ಅಲ್ಸಾಸ್ ಪ್ರಾಂತ್ಯ ಜರ್ಮನಿಯ ಪಾಲಾದ ಮೇಲೆ ಅಲ್ಲಿಂದ ಪ್ಯಾರಿಸ್ಸಿಗೆ ಬಂದು ನೆಲೆಸಿದವರಿಂದ ಬಿಯರಿನ ಜೊತೆ ಊಟವನ್ನೂ ಕೊಡುವ ಈ ಹೆಸರಿನ ಹೋಟೆಲುಗಳು ಬೆಳೆದವು. 1880ರಲ್ಲಿ ಆರಂಭವಾದ ‘ಲಿಪ್’ ಇಂದಿಗೂ ಇದೆ. ದೊಡ್ಡ ಹಜಾರ, ಸಮವಸ್ತ್ರದ ಮಾಣಿಗಳು, ಬೆಳಿಗ್ಗೆಯಿಂದ ತಡರಾತ್ರಿಯವರೆಗೆ ಬಿಡುವಿಲ್ಲದ ಊಟೋಪಚಾರ ಬ್ರಾಸರಿಯ ಲಕ್ಷಣ. ಮೂವತ್ತು ಕುರ್ಚಿಗಳ ಜಾಗಕ್ಕೆ ಆ ಹೆಸರು ಹೊಂದುವುದಿಲ್ಲ.

ಬಿಸ್ಟ್ರೊ ಹುಟ್ಟಿದ್ದೇ ಇಕ್ಕಟ್ಟಿನಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮಧ್ಯ ಫ್ರಾನ್ಸಿನ ಓವೆರ್ನ್ ಗುಡ್ಡಗಾಡಿನಿಂದ ಪ್ಯಾರಿಸ್ಸಿಗೆ ದುಡಿಯಲು ಬಂದ ಅನೇಕರು ಕಲ್ಲಿದ್ದಲು ಮಾರುತ್ತಿದ್ದರು. ಅಂಗಡಿಯ ಮೇಲೆ ‘ವೈನ್ ಮತ್ತು ಕಲ್ಲಿದ್ದಲು’ ಎಂಬ ಬೋರ್ಡು. ಗಂಡ ಇದ್ದಲಿನ ಮೂಟೆ ಹೊತ್ತು ಮಹಡಿ ಮೆಟ್ಟಿಲು ಹತ್ತುತ್ತಿದ್ದರೆ, ಕೆಳಗೆ ಹೆಂಡತಿ ಗಿರಾಕಿಗಳ ಲೋಟಕ್ಕೆ ವೈನ್ ಸುರಿಯುತ್ತಿದ್ದಳು. ಇಂಥ ಅಂಗಡಿಗಳಲ್ಲಿ ಎಷ್ಟೋ ಕ್ರಮೇಣ ಬಿಸಿ ಊಟ ಸಿಗುವ ತಾಣಗಳಾದವು. ನಮ್ಮ ಉತ್ತರ ಕರ್ನಾಟಕದ ಖಾನಾವಳಿಯಂತೆ ಇಲ್ಲೂ ಮಾಲೀಕರೇ ಒಲೆಯ ಮುಂದೆ, ಮಾಲೀಕರೇ ಗಲ್ಲಾಪೆಟ್ಟಿಗೆಯಲ್ಲಿ.

ಬಿಸ್ಟ್ರೊದ ಅಡುಗೆಯನ್ನು ರೂಪಿಸಿದ್ದು ಈ ಚಿಕ್ಕ ಅಡುಗೆಮನೆಯೇ. ಒಬ್ಬರೋ ಇಬ್ಬರೋ ಕೆಲಸ ಮಾಡುವಾಗ ಬಂದವರಿಗೆಲ್ಲ ಬೇರೆ ಬೇರೆ ಬಾಣಲೆ ಇಡಲಾಗುವುದಿಲ್ಲ. ಆದ್ದರಿಂದಲೇ ವೈನ್‌ನಲ್ಲಿ ಬೇಯಿಸಿದ ಗೋಮಾಂಸದ ಬುರ್ಗಿನ್ಯೋ, ಕರುವಿನ ಮಾಂಸದ ಬ್ಲಾಂಕೆತ್, ತರಕಾರಿ ಹಾಕಿ ಕುದಿಸಿದ ಗೋಮಾಂಸದ ಪೊತೊಫೂ ಬಿಸ್ಟ್ರೊಗಳಲ್ಲಿ ನೆಲೆಯೂರಿದವು. ಅಗ್ಗದ, ಗಡುಸಾದ ಮಾಂಸ ಬೆಳಗಿನಿಂದ ಸಣ್ಣ ಉರಿಯಲ್ಲಿ ಬೆಂದು ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಗಿರುತ್ತದೆ, ಬಡಿಸಿದರೆ ಆಯಿತು. ಆ ದಿನದ ಅಡುಗೆಯ ಹೆಸರನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ, ಮುಗಿದೊಡನೆ ಅಳಿಸುತ್ತಾರೆ.

ನೀವು ಸಸ್ಯಾಹಾರವನ್ನಷ್ಟೇ ಮಾಡಿದರೂ ಈ ಕ್ರಮವನ್ನು ಬಿಡಬೇಡಿ. ಹದವಾಗಿ ಬೆಂದ ಎರಡು ಖಾದ್ಯ, ಒಂದು ಸೂಪು, ಒಂದು ಸಿಹಿ ಸಾಕು. ಅವುಗಳಲ್ಲಿ ಒಂದಾದರೂ ದಿನವೂ ಬದಲಾಗಲಿ. ಫ್ರಾನ್ಸಿನಲ್ಲಿ ಊಟದ ಜೊತೆ ಬ್ರೆಡ್ಡಿಗೂ ನಲ್ಲಿ ನೀರಿಗೂ ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಈ ಪದ್ಧತಿಯೂ ನಿಮ್ಮಲ್ಲಿರಲಿ ಎಂದು ನನ್ನ ಮನಸ್ಸಿನ ಆಸೆ. ನಾಲ್ಕು ಪುಟದ ಮೆನು ಕೈಗಿತ್ತು, ಫ್ರೀಜರಿನಿಂದ ತೆಗೆದದ್ದನ್ನು ಬಿಸಿ ಮಾಡಿ ಕೊಡುವ ಜಾಗಕ್ಕೆ ಬಿಸ್ಟ್ರೊ ಎಂಬ ಹೆಸರಿಟ್ಟರೆ ಅದು ಗಿರಾಕಿಗೆ ಮಾಡುವ ಮೋಸ.

ಫ್ರೆಂಚಿನಲ್ಲಿ ಈ ಪದವನ್ನು ಕೊನೆಯಲ್ಲಿ ‘ಟಿ’ ಅಕ್ಷರ ಸೇರಿಸಿಯೂ ಬರೆಯುತ್ತಾರೆ, ಆದರೆ ಅದನ್ನು ಉಚ್ಚರಿಸುವುದಿಲ್ಲ. ಕನ್ನಡದಲ್ಲಿ ‘ಬಿಸ್ಟ್ರೊ’ ಎಂದೇ ಬರೆಸಿ.

ಇನ್ನು ರಷ್ಯದ ಕಥೆ. 1814ರಲ್ಲಿ ಪ್ಯಾರಿಸ್ಸನ್ನು ಹಿಡಿದ ರಷ್ಯನ್ ಸೈನಿಕರು ‘ಬೀಸ್ತ್ರ’, ಅಂದರೆ ‘ಬೇಗ’, ಎಂದು ಹೋಟೆಲಿನವರನ್ನು ಅವಸರಪಡಿಸುತ್ತಿದ್ದರಂತೆ. ಅದರಿಂದ ಬಿಸ್ಟ್ರೊ ಹುಟ್ಟಿತಂತೆ. ಮೋಂಮಾರ್ತ್ರ್ ಗುಡ್ಡದ ‘ಲಾ ಮೇರ್ ಕ್ಯಾಥರೀನ್’ ಹೋಟೆಲಿನ ಗೋಡೆಯ ಮೇಲೆ 1814ರ ಮಾರ್ಚ್ 30ರ ದಿನಾಂಕ ಹಾಕಿ ಈ ಸಂಗತಿಯನ್ನು ಬರೆಸಿದ್ದಾರೆ. ಆದರೆ ಈ ಪದ ಫ್ರೆಂಚ್ ಬರಹಗಳಲ್ಲಿ ಕಾಣಿಸಿಕೊಳ್ಳುವುದು 1880ರ ದಶಕದಲ್ಲಿ. ಸೈನಿಕರ ಬಾಯಿಂದ ಬಂದು ಜನರ ನಾಲಿಗೆಯ ಮೇಲೆ ನಿಂತ ಮಾತು ಸುಮಾರು ಎಪ್ಪತ್ತು ವರ್ಷ ಯಾರ ಬರಹದಲ್ಲೂ ಸುಳಿಯದೆ ಇರುವುದು ನಂಬುವಂಥದ್ದಲ್ಲ. ಭಾಷಾತಜ್ಞರಲ್ಲಿ ಹೆಚ್ಚಿನವರು ಇದನ್ನು ಒಪ್ಪುವುದಿಲ್ಲ. ಅಗ್ಗದ ಮದ್ಯ ಬೆರೆಸಿದ ಕಾಫಿಗೆ ಉತ್ತರ ಫ್ರಾನ್ಸಿನಲ್ಲಿರುವ ‘ಬಿಸ್ತೂಯ್’ ಎಂಬ ಹೆಸರಿನಿಂದ ಬಂದಿರಬಹುದೆಂದು ಕೆಲವರು, ಪ್ವಾತೂ ಪ್ರಾಂತ್ಯದ ಆಡುಮಾತಿನಲ್ಲಿ ಆಳು ಎಂಬರ್ಥದ ಪದದಿಂದ ಎಂದು ಇನ್ನು ಕೆಲವರು ಊಹಿಸುತ್ತಾರೆ. ಯಾವುದೂ ಸಾಬೀತಾಗಿಲ್ಲ. ಹೆಸರಿನ ಹಿನ್ನೆಲೆಯನ್ನು ಮೆನುವಿನಲ್ಲಿ ಅಚ್ಚು ಹಾಕಿಸುವ ಯೋಚನೆಯಿದ್ದರೆ ಸೈನಿಕರನ್ನು ಬಿಟ್ಟು ಇದ್ದಲಿನ ಅಂಗಡಿಯವರ ಕಥೆ ಬರೆಸಿ.