ಮನ್ನಾ ಆದ ಸಾಲ ಯಾರ ಲೆಕ್ಕಕ್ಕೆ ಹೋಗುತ್ತದೆ?

ನಿಮ್ಮ ಪ್ರಶ್ನೆ ಇದು: ‘ಎರಡು ಸಾವಿರ ವರ್ಷಗಳ ಹಿಂದೆ ಯೇಸು ಎಂಬ ಯಾರೋ ಒಬ್ಬರು ಶಿಲುಬೆಯ ಮೇಲೆ ನರಳಿ ಸತ್ತರೆ ಇವತ್ತಿನ ನನ್ನ ಪಾಪ ಹೇಗೆ ಹೋಗುತ್ತದೆ? ಮಾಡಿದ್ದುಣ್ಣೋ ಮಹಾರಾಯ ಎನ್ನುವುದೇ ನ್ಯಾಯವಲ್ಲವೇ? ಮಗನನ್ನು ಬಲಿ ತೆಗೆದುಕೊಂಡು ಸಮಾಧಾನವಾಗುವ ದೇವರನ್ನು ಕ್ರೈಸ್ತರು ಪ್ರೀತಿಸುವುದಾದರೂ ಹೇಗೆ?’

ನಾನು ಚರ್ಚಿನ ಗುರುವಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಮಂಡ್ಯ ಜಿಲ್ಲೆಯ ಕಥೋಲಿಕ ಮನೆಯೊಂದರಲ್ಲಿ ಹುಟ್ಟಿ, 34 ವರ್ಷ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದು, ನಿವೃತ್ತನಾಗಿ ಈಗ ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಉತ್ತರದಲ್ಲಿ ಖಾತೆ ಪುಸ್ತಕದ ವಾಸನೆ ಬಂದರೆ ಸಹಿಸಿಕೊಳ್ಳಿ.

ಮೂರನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ತೊಡಕಿರುವುದು ‘ಬಲಿ’ ಎಂಬ ಮಾತಿನಲ್ಲಿ. ನಮ್ಮ ಸೀಮೆಯಲ್ಲಿ ಬಲಿ ಎಂದ ಕೂಡಲೇ ಕಣ್ಣಿಗೆ ಬರುವುದು ಮಾರಿಹಬ್ಬದ ಕುರಿ. ಇಲ್ಲವೇ ಕೆರೆಗೆ ಹಾರವಾದ ಭಾಗೀರಥಿ. ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಸೊಸೆಯನ್ನು ಕೊಡಬೇಕೆಂದು ಶಾಸ್ತ್ರ ಹೇಳಿತು. ಮಾವ ತೀರ್ಮಾನಿಸಿದ, ಕಿರಿಯ ಸೊಸೆ ಮುಳುಗಿದಳು. ಆ ಕಥೆ ಕೇಳಿ ಯಾರಿಗೂ ಗೌಡನ ಮೇಲೆ ಪ್ರೀತಿ ಹುಟ್ಟುವುದಿಲ್ಲ, ಹುಟ್ಟಬಾರದು ಕೂಡ. ಶಿಲುಬೆಯ ಕಥೆಯನ್ನು ನೀವು ಇದೇ ಅಚ್ಚಿನಲ್ಲಿ ಎರಕ ಹೊಯ್ದಿದ್ದೀರಿ: ಸಿಟ್ಟಾದ ತಂದೆ, ಬಡಪಾಯಿ ಮಗ. ಆದರೆ ಕ್ರೈಸ್ತರು ನಂಬುವುದು ಹಾಗಲ್ಲ. ದೇವರೇ ಕ್ರಿಸ್ತರಲ್ಲಿದ್ದು ಲೋಕವನ್ನು ತಮ್ಮೊಡನೆ ಸಂಧಾನಪಡಿಸಿಕೊಂಡರು ಎಂದು ಮೊದಲ ಕಾಲದ ಬೋಧಕರಾದ ಸಂತ ಪೌಲರು ಕೊರಿಂಥ ಊರಿನ ಕ್ರೈಸ್ತರಿಗೆ ಬರೆದರು. ಅಂದರೆ, ಸೊಸೆಯನ್ನು ಕಳುಹಿಸದೆ ಗೌಡ ತಾನೇ ಕೆರೆಗಿಳಿದಿದ್ದರೆ ಹೇಗಿರುತ್ತಿತ್ತೋ ಹಾಗೆ.

‘ಪ್ರಾಯಶ್ಚಿತ್ತ’ ಎಂಬ ಪದವೂ ಇದೇ ರೀತಿ ದಾರಿ ತಪ್ಪಿಸುತ್ತದೆ. ನಮ್ಮ ಭಾಷೆಯಲ್ಲಿ ಅದು ತಪ್ಪು ಮಾಡಿದವನು ತಾನೇ ಮಾಡಿಕೊಳ್ಳುವಂಥದ್ದು. ಕನ್ನಡ ಬೈಬಲಿನಲ್ಲಿ ಅದೇ ಪದ, ಆದರೆ ಮಾಡುವವನು ಬೇರೆ. ಓದುವವರು ಗಲಿಬಿಲಿಗೊಂಡರೆ ಅವರ ತಪ್ಪೇನೂ ಇಲ್ಲ.

ಈಗ ಪಾಪ ‘ಹೋಗುವುದು’ ಹೇಗೆ ಎಂಬ ಪ್ರಶ್ನೆ. ನನಗೆ ಇದು ಅರ್ಥವಾದದ್ದು ಚರ್ಚಿನಲ್ಲಲ್ಲ.

ಸಂಘದಲ್ಲಿ ಸೇರಿದ ಹೊಸತರಲ್ಲಿ ಒಬ್ಬ ರೈತರು ಕಟ್ಟಿದ ಕಂತನ್ನು ನಾನು ಅದೇ ಊರಿನ, ಅದೇ ಹೆಸರಿನ ಇನ್ನೊಬ್ಬರ ಖಾತೆಗೆ ಜಮೆ ಮಾಡಿದ್ದೆ. ಮಂಡ್ಯದ ಕಡೆ ಒಂದೇ ಹೆಸರಿನವರು ಊರಿಗೆ ನಾಲ್ಕು ಮಂದಿ ಇರುತ್ತಾರೆ. ಆದರೂ ತಂದೆಯ ಹೆಸರು ನೋಡಬೇಕಾದದ್ದು ನನ್ನ ಕೆಲಸವಾಗಿತ್ತು. ಆ ರೈತರಿಗೆ ನೋಟಿಸ್ ಹೋಯಿತು. ರಸೀದಿ ಎಲ್ಲೋ ಕಳೆದುಹೋಗಿತ್ತು. ಅವರು ಜೋಡೆತ್ತು ಮಾರಿ, ದಂಡದ ಬಡ್ಡಿ ಸೇರಿಸಿ ಎರಡನೆಯ ಬಾರಿ ಕಟ್ಟಿದರು. ಎರಡು ವರ್ಷಗಳ ನಂತರ ಹಳೆಯ ಪುಸ್ತಕಗಳನ್ನು ತಾಳೆ ನೋಡುವಾಗ ನನ್ನ ಕೈಬರಹವೇ ನನ್ನನ್ನು ಹಿಡಿಯಿತು. ಬೇರೆ ಯಾರಿಗೂ ಗೊತ್ತಿರಲಿಲ್ಲ. ಒಂದು ವಾರ ನಿದ್ದೆಯಿಲ್ಲದೆ ಕಳೆದು, ಭಾನುವಾರ ಪೂಜೆ ಮುಗಿಸಿಕೊಂಡು ಸೈಕಲ್ಲಿನಲ್ಲಿ ಅವರ ಊರಿಗೆ ಹೋಗಿ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಒಳಗಿನಿಂದ ಬೆಲ್ಲ, ನೀರು ಬಂತು. ಕೊನೆಗೆ, ‘ಎತ್ತು ಹೋಗಿ ಆಯಿತು. ಈಗ ನಾನು ಬಾಯಿಬಿಟ್ಟು ನಿನ್ನ ಕೆಲಸವೂ ಹೋದರೆ ನನಗೆ ಸಿಗುವುದೇನು?’ ಎಂದರು. ನಾನು ಎದ್ದು ಹೊರಟಾಗ ಪಕ್ಕದಲ್ಲೇ ಕೊಟ್ಟಿಗೆ. ಎತ್ತುಗಳಿಗೆ ಮೇವು ಹಾಕುವ ಗೊಂತು ಒಣಗಿತ್ತು. ಎರಡು ವರ್ಷ ಅವರು ಬಾಡಿಗೆ ಎತ್ತಿನಲ್ಲಿ ಉತ್ತಿದ್ದರು.

ಲೆಕ್ಕ ಬರೆದವರಿಗೆ ಇದು ಗೊತ್ತಿರುತ್ತದೆ. ಸಾಲ ಮನ್ನಾ ಎಂದು ಸಾಲಗಾರನ ಪುಟದಲ್ಲಿ ಸೊನ್ನೆ ಬರೆದರೆ ಕೆಲಸ ಮುಗಿಯುವುದಿಲ್ಲ. ಇನ್ನೊಂದು ಪುಟದಲ್ಲಿ ಅಷ್ಟೇ ಮೊತ್ತವನ್ನು ಕೊಟ್ಟವನ ನಷ್ಟಕ್ಕೆ ಬರೆಯಬೇಕು, ಇಲ್ಲದಿದ್ದರೆ ತಾಳೆಯಾಗುವುದಿಲ್ಲ. ‘ದೇವರು ಸುಮ್ಮನೆ ಕ್ಷಮಿಸಬಹುದಿತ್ತಲ್ಲ’ ಎಂದು ಅನೇಕರು ಕೇಳುತ್ತಾರೆ. ಆ ‘ಸುಮ್ಮನೆ’ ಎಂಬುದು ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಆ ರೈತರು ನನ್ನನ್ನು ಸುಮ್ಮನೆ ಕ್ಷಮಿಸಲಿಲ್ಲ, ಎರಡು ಎತ್ತು ಕೊಟ್ಟು ಕ್ಷಮಿಸಿದರು. ಬೈಬಲಿನಲ್ಲಿ ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಈ ಹೋಲಿಕೆಯೇ ಬರುತ್ತದೆ: ನಮ್ಮ ವಿರುದ್ಧವಿದ್ದ ಸಾಲಪತ್ರವನ್ನು ದೇವರು ಅಳಿಸಿ ಶಿಲುಬೆಗೆ ಜಡಿದುಬಿಟ್ಟರು ಎಂದು. ಆ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಒಣಗಿದ ಗೊಂತನ್ನು ನೋಡುವವರೆಗೆ ಅದು ಬರೀ ಮಾತಾಗಿತ್ತು.

ಹಾಗಾದರೆ ‘ಮಾಡಿದ್ದುಣ್ಣೋ’ ಸುಳ್ಳೇ? ಅಲ್ಲ. ಬಿತ್ತಿದ್ದನ್ನೇ ಕೊಯ್ಯಬೇಕೆಂದು ಬೈಬಲ್ ಕೂಡ ಹೇಳುತ್ತದೆ. ಯೇಸುಸ್ವಾಮಿಯ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿಗೆ ‘ಇಂದೇ ನನ್ನೊಡನೆ ಪರಂಧಾಮದಲ್ಲಿರುವೆ’ ಎಂಬ ಮಾತು ಸಿಕ್ಕಿತು. ಆದರೆ ಅವನನ್ನು ಶಿಲುಬೆಯಿಂದ ಯಾರೂ ಕೆಳಗಿಳಿಸಲಿಲ್ಲ. ಬೈಬಲಿನಲ್ಲಿ ಬರುವ ಸುಂಕ ವಸೂಲಿಯ ಜಕ್ಕಾಯನು ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ. ನಾನೂ ಆ ಹಣವನ್ನು, ಅವರು ಬೇಡವೆಂದರೂ, ಕಂತು ಕಂತಾಗಿ ತೀರಿಸಿದೆ. ಆದರೆ ಅದು ಕ್ಷಮೆ ಸಿಕ್ಕಿದ್ದಕ್ಕೆ ಕೊಟ್ಟದ್ದು, ಕ್ಷಮೆಯನ್ನು ಕೊಳ್ಳಲು ಕೊಟ್ಟದ್ದಲ್ಲ. ಕ್ರೈಸ್ತರು ‘ಕೃಪೆ’ ಎನ್ನುವುದು ಈ ಸಣ್ಣ ವ್ಯತ್ಯಾಸವನ್ನೇ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಲೆಕ್ಕದ ಹೋಲಿಕೆ ಒಂದು ಹೋಲಿಕೆ ಮಾತ್ರ. ನಾಲ್ಕನೆಯ ಶತಮಾನದಲ್ಲಿ ನಿಸ್ಸದ ಗ್ರೆಗೊರಿ ಎಂಬ ಧರ್ಮಾಧ್ಯಕ್ಷರು (ಬಿಷಪ್) ಶಿಲುಬೆಯ ಸಾವನ್ನು ಸೈತಾನನಿಗೆ ಹಾಕಿದ ಗಾಳಕ್ಕೆ ಹೋಲಿಸಿದರು. ಹನ್ನೊಂದನೆಯ ಶತಮಾನದ ದೇವಶಾಸ್ತ್ರಿ ಆನ್ಸೆಲ್ಮರು ದೇವರ ಗೌರವಕ್ಕೆ ಬಂದ ಕುಂದನ್ನು ತುಂಬಿಕೊಡುವುದೆಂದರು. ಇನ್ನೊಬ್ಬ ದೇವಶಾಸ್ತ್ರಿ ಅಬೆಲಾರ್ಡರು, ಶಿಲುಬೆಯಲ್ಲಿ ತೋರುವ ದೇವರ ಪ್ರೀತಿಯನ್ನು ಕಂಡು ಮನುಷ್ಯ ಕರಗುತ್ತಾನೆಂಬುದಕ್ಕೆ ಒತ್ತು ಕೊಟ್ಟರು. ಕ್ರೈಸ್ತ ಸಭೆಯ ಪ್ರಾಚೀನ ವಿಶ್ವಾಸ ಸಂಗ್ರಹ ‘ನಮಗಾಗಿ ಶಿಲುಬೆಗೇರಿಸಲ್ಪಟ್ಟರು’ ಎಂದು ಹೇಳಿ, ಹೇಗೆ ಎಂಬುದನ್ನು ವಿವರಿಸದೆ ಮುಂದೆ ಹೋಗುತ್ತದೆ. ಗಾಳದ ಹೋಲಿಕೆ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಕಾವೇರಿ ದಂಡೆಯವರಿಗೆ ಹಿಡಿಸಬಹುದು.

ನಿಮಗೆ ಇದು ವಿಚಿತ್ರವೆನಿಸಿದರೆ ಅದೂ ಹೊಸದಲ್ಲ. ಶಿಲುಬೆ ರೋಮನ್ನರು ಗುಲಾಮರಿಗೂ ದಂಗೆಕೋರರಿಗೂ ಇಟ್ಟಿದ್ದ ನಾಚಿಕೆಯ ಸಾವು. ರೋಮಿನ ಪಾಲಟೈನ್ ಗುಡ್ಡದಲ್ಲಿ ಸುಮಾರು 1,800 ವರ್ಷ ಹಳೆಯದೊಂದು ಗೋಡೆಗೀಚು ಸಿಕ್ಕಿದೆ: ಶಿಲುಬೆಯ ಮೇಲೆ ಕತ್ತೆಯ ತಲೆಯ ಮನುಷ್ಯ, ಕೆಳಗೆ ಕೈಯೆತ್ತಿ ನಿಂತ ಒಬ್ಬ ಹುಡುಗ, ‘ಅಲೆಕ್ಸಾಮೆನೋಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ’ ಎಂಬ ಗೇಲಿ. ಆ ಹುಡುಗನನ್ನು ನೆನೆದರೆ ನನಗೆ ಪ್ರೀತಿ ಉಕ್ಕುತ್ತದೆ.

ಆದರೆ ನಿಜ ಹೇಳುತ್ತೇನೆ, ನಮ್ಮ ಜನ ಶಿಲುಬೆಯ ಬಳಿ ಹೋಗುವುದು ಬಹುಪಾಲು ಲೆಕ್ಕ ಚುಕ್ತಾ ಮಾಡಲು ಅಲ್ಲ, ಜೊತೆ ಬೇಕೆಂದು. ನನ್ನ ಹೆಂಡತಿ ಕೊನೆಯ ತಿಂಗಳುಗಳನ್ನು ಆಸ್ಪತ್ರೆಯಲ್ಲಿ ಕಳೆದಳು. ಒಂದು ರಾತ್ರಿ ಬೈಬಲಿನಿಂದ ಗೆತ್ಸೆಮನಿ ತೋಟದ ಭಾಗವನ್ನು, ಯೇಸುಸ್ವಾಮಿ ಸೆರೆಯಾಗುವ ಮುಂಚಿನ ಹೊತ್ತನ್ನು, ಓದಲು ಹೇಳಿದಳು. ಅಲ್ಲಿ ಯೇಸುಸ್ವಾಮಿ ಹೆದರುತ್ತಾರೆ. ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ದೂರವಾಗಲಿ ಎಂದು ಬೇಡುತ್ತಾರೆ. ಜೊತೆಗೆ ಬಂದ ಶಿಷ್ಯರು ನಿದ್ದೆ ಮಾಡುತ್ತಾರೆ. ಓದುತ್ತಾ ಓದುತ್ತಾ ನಾನು ಕುರ್ಚಿಯಲ್ಲೇ ತೂಕಡಿಸಿದ್ದೆ. ಕಣ್ಣು ಬಿಟ್ಟಾಗ ಅವಳು ನಗುತ್ತಿದ್ದಳು. ‘ನೀವೂ ಶಿಷ್ಯರೇ’ ಎಂದಳು. ನೋವು ಕಡಿಮೆಯಾಗಿರಲಿಲ್ಲ. ಆದರೆ ‘ನನ್ನ ದೇವರೇ, ಏಕೆ ನನ್ನ ಕೈಬಿಟ್ಟಿರಿ?’ ಎಂದು ಶಿಲುಬೆಯ ಮೇಲೆ ದೇವರ ಮಗನೇ ಕೂಗಿದ ಮೇಲೆ, ಆ ಕೂಗು ಕೂಗಿದರೆ ವಿಶ್ವಾಸ ಕಡಿಮೆಯಾಯಿತೆಂದು ಅವಳಿಗೆ ಯಾರೂ ಹೇಳುವಂತಿರಲಿಲ್ಲ.

ಇನ್ನೊಂದನ್ನು ಹೇಳದಿದ್ದರೆ ಉತ್ತರ ಅಪ್ರಾಮಾಣಿಕವಾಗುತ್ತದೆ. ಈ ನಂಬಿಕೆಯನ್ನು ನಮ್ಮವರೇ ಕೆಟ್ಟದಾಗಿ ಬಳಸುವುದನ್ನು ನೋಡಿದ್ದೇನೆ. ಗಂಡನ ಏಟು ತಿಂದು ಬಂದ ಹೆಣ್ಣುಮಗಳೊಬ್ಬಳಿಗೆ ಹಿರಿಯರೊಬ್ಬರು ‘ನಿನ್ನ ಶಿಲುಬೆಯನ್ನು ಹೊತ್ತುಕೊ’ ಎಂದರು. ನಾನು ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಬಿಡಬೇಕಿತ್ತು. ಸ್ವಂತ ಊರಾದ ನಜರೇತಿನವರು ಗುಡ್ಡದಿಂದ ತಳ್ಳಲು ಬಂದಾಗ ಯೇಸುಸ್ವಾಮಿ ತಳ್ಳಿಸಿಕೊಳ್ಳಲಿಲ್ಲ, ಅವರ ನಡುವಿನಿಂದಲೇ ಹೊರಟುಹೋದರು ಎಂದು ಲೂಕ ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ತಾನಾಗಿ ಹೊತ್ತರೆ ಶಿಲುಬೆ. ಬೇರೆಯವರು ಹೊರಿಸಿದ್ದಕ್ಕೆ ಆ ಹೆಸರು ಕೊಡಬಾರದು.

ಯೇಸುವಿನ ಸಾವನ್ನು ನೆನೆಯುವ ಶುಭ ಶುಕ್ರವಾರದ (ಗುಡ್ ಫ್ರೈಡೇ) ವಿಧಿಯನ್ನು ನೀವು ನೋಡಿಲ್ಲವೆಂದು ಕಾಣುತ್ತದೆ. ಆ ದಿನ ಲೋಕದ ಯಾವ ಕಥೋಲಿಕ ಚರ್ಚಿನಲ್ಲೂ ಬಲಿಪೂಜೆ (ನಮ್ಮ ಮುಖ್ಯ ಆರಾಧನೆ) ಇಲ್ಲ, ಗಂಟೆ ಇಲ್ಲ. ವಿಧಿ ಶುರುವಾಗುವಾಗ ಪೀಠದ ಮೇಲೆ ಬಟ್ಟೆ ಕೂಡ ಇರುವುದಿಲ್ಲ. ಯಾತನೆಯ ವೃತ್ತಾಂತವನ್ನು ಪಾತ್ರ ಹಂಚಿಕೊಂಡು ಓದುತ್ತಾರೆ. ಗುರುಗಳು ಯೇಸುವಿನ ಮಾತು, ಇನ್ನೊಬ್ಬರು ಮರಣದಂಡನೆ ಕೊಟ್ಟ ರೋಮನ್ ಅಧಿಕಾರಿ ಪಿಲಾತನ ಮಾತು. ಜನಜಂಗುಳಿಯ ಮಾತನ್ನು ಬೆಂಚುಗಳಲ್ಲಿರುವ ನಾವೇ ಹೇಳಬೇಕು: ‘ಅವನನ್ನು ಶಿಲುಬೆಗೇರಿಸಿ.’ ಶತಮಾನಗಳ ಕಾಲ ಕ್ರೈಸ್ತರು ಈ ಸಾವಿನ ಹೊಣೆಯನ್ನು ಯೆಹೂದ್ಯರೆಲ್ಲರ ಮೇಲೆ ಹೊರಿಸಿ ಘೋರ ಅನ್ಯಾಯ ಮಾಡಿದರು. ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಅದನ್ನು ತಿರಸ್ಕರಿಸಿತು. ಬೆಂಚಿನಲ್ಲಿ ಕುಳಿತು ಆ ಸಾಲು ಹೇಳಿದವರಿಗೆ ಹೊಣೆ ಯಾರದೆಂಬ ಅನುಮಾನ ಉಳಿಯಬೇಕಾಗಿರಲಿಲ್ಲ.

ಮೈಸೂರಿನಲ್ಲೇ ಇದ್ದರೆ ಒಮ್ಮೆ ಬನ್ನಿ. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ ಸಂತ ಫಿಲೋಮಿನಾ ಚರ್ಚಿಗೆ ಫೋಟೋ ತೆಗೆಯಲು ಹೇಗೂ ಬಂದಿರುತ್ತೀರಿ. ಈ ಸಲ ಶುಭ ಶುಕ್ರವಾರ ಮಧ್ಯಾಹ್ನ ಬನ್ನಿ. ಹೊರಗಿನವರೆಂದು ಯಾರೂ ತಡೆಯುವುದಿಲ್ಲ. ಗುರುಗಳು ರೊಟ್ಟಿ ಹಂಚುವ ಪರಮಪ್ರಸಾದದ ಸಾಲಿನಲ್ಲಿ ಮಾತ್ರ ನಿಲ್ಲಬೇಡಿ, ಅದು ದೀಕ್ಷಾಸ್ನಾನ ಪಡೆದು ಸಭೆಗೆ ಸೇರಿದವರಿಗೆ. ಉಪವಾಸ ನಮಗೆ, ನಿಮಗಲ್ಲ. ಊಟ ಮಾಡಿಕೊಂಡೇ ಬನ್ನಿ, ಬಹಳ ಹೊತ್ತು ಹಿಡಿಯುತ್ತದೆ.