ಸಿಟಿ ಬಸ್ಸಿನಲ್ಲಿ ನಾನು ಎಲ್ಲಿಗೆ ಹೋದೆ ಅಂತ ಪೊಲೀಸರಿಗೆ ತಿಳಿಯುತ್ತದೆಯೇ?

ಮೈಸೂರಿನ ಬಸ್ಸಿನಲ್ಲಿ ಶಕ್ತಿ ಯೋಜನೆಯ ಟಿಕೆಟಿಗೆ ಆಧಾರ್ ತೋರಿಸಿದರೆ ನಮ್ಮ ಓಡಾಟವೆಲ್ಲ ಪೊಲೀಸರಿಗೆ ಸಿಗುತ್ತದಾ ಅಂತ ಕೇಳಿದ್ದೀರಿ. ಅಷ್ಟು ಸಲೀಸಲ್ಲ. ಕಂಡಕ್ಟರ್ ಕಾರ್ಡನ್ನು ಕಣ್ಣಲ್ಲಿ ನೋಡುತ್ತಾರೆ, ಅಷ್ಟೆ. ಶೂನ್ಯ ಟಿಕೆಟಿನಲ್ಲಿ ಬಸ್ಸು, ಸ್ಟೇಜು, ಸಮಯ ಇರುತ್ತವೆ, ಹೆಸರಿರುವುದಿಲ್ಲ. ಮಂಡ್ಯಕ್ಕೆ ಟಿಕೆಟ್ ತಗೊಂಡು ಶ್ರೀರಂಗಪಟ್ಟಣದಲ್ಲೇ ಇಳಿದರೂ ಮೆಷಿನ್ನಿಗೆ ಗೊತ್ತಾಗದು. ಕಾಗದದ ಪಾಸ್ ಆದರೆ ಆ ಗುರುತೂ ಉಳಿಯುವುದಿಲ್ಲ. ಟ್ಯಾಪ್ ಮಾಡುವ ಕಾರ್ಡಿನ ಕಥೆ ಬೇರೆ, ಪ್ರತಿ ಪ್ರಯಾಣವೂ ಒಂದೇ ನಂಬರಿಗೆ ಅಂಟಿಕೊಳ್ಳುತ್ತದೆ.

ಹೆಸರು ಹೊರಬೀಳುವುದು ಬೇರೆ ಎರಡು ಕಡೆ. ಮುಂಗಡ ಬುಕ್ಕಿಂಗ್‌ನಲ್ಲಿ ಹೆಸರು, ಮೊಬೈಲ್ ನಂಬರ್ ನೀವೇ ಕೊಟ್ಟಿರುತ್ತೀರಿ. ಯುಪಿಐನಲ್ಲಿ ಹಣ ಕೊಟ್ಟರೆ ಆ ವ್ಯವಹಾರದ ನಂಬರ್ ಹಿಡಿದು ಬ್ಯಾಂಕಿನಿಂದ ಹೆಸರು ತೆಗೆಯಬಹುದು. ಚಿಲ್ಲರೆ ಕೊಟ್ಟವರಿಗೆ ಆ ಎಳೆ ಇಲ್ಲ.

ಕಾನೂನಿನ ಅಡ್ಡಗೋಡೆ ಜನ ಅಂದುಕೊಂಡಷ್ಟು ಎತ್ತರವಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಪ್ರಕಾರ (ಇದು ಪೊಲೀಸರ ತನಿಖೆ, ವಿಚಾರಣೆಯ ವಿಧಾನ ಹೇಳುವ ಕಾನೂನು; 2024ರ ಜುಲೈ 1ಕ್ಕೆ ಮೊದಲು ಇದೇ ಅಧಿಕಾರ ಹಳೆಯ ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ 91ನೇ ಕಲಂನಲ್ಲಿತ್ತು) ಠಾಣಾಧಿಕಾರಿಯೇ ಲಿಖಿತ ಆದೇಶ ಕೊಟ್ಟು ದಾಖಲೆ ತರಿಸಬಹುದು, ನ್ಯಾಯಾಧೀಶರ ಅನುಮತಿ ಬೇಕಿಲ್ಲ. ಆದರೆ ತನಿಖೆಗೆ ಅದು ಬೇಕೆಂಬ ಕಾರಣ ಇರಬೇಕು. ವಾಟ್ಸಾಪ್‌ನಲ್ಲಿ 'ಸ್ವಲ್ಪ ಕಳಿಸಿ ಸಾರ್' ಅಂದರೆ ಅದು ಆದೇಶವಲ್ಲ. ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿತು, ನಿಜ. ಆದರೂ ತಪ್ಪು ದಾರಿಯಲ್ಲಿ ತಂದ ಸಾಕ್ಷ್ಯ ನಮ್ಮಲ್ಲಿ ತಾನಾಗಿಯೇ ಬಿದ್ದುಹೋಗುವುದಿಲ್ಲ. ನನ್ನ ಮಟ್ಟಿಗೆ, ಇಲ್ಲಿ ದೊಡ್ಡ ರಕ್ಷಣೆ ಕಾನೂನಿಗಿಂತ ದಾಖಲೆಯಲ್ಲಿ ಹೆಸರಿಲ್ಲದಿರುವುದೇ.

ಪೊಲೀಸರು ಹೆಚ್ಚಾಗಿ ಎಡವುವುದು ಸಿಸಿಟಿವಿಯಲ್ಲಿ. ಡಿಸ್ಕ್ ತುಂಬಿದರೆ ಹಳೆಯದರ ಮೇಲೆ ಹೊಸದು ಕೂರುತ್ತದೆ. ನೋಟಿಸ್ ತಡವಾದರೆ ದೃಶ್ಯ ಹೋದಂತೆಯೇ. ಸಿಕ್ಕರೂ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ (ಫೈಲು ಬದಲಾದರೆ ತಾನೂ ಬದಲಾಗುವ, ಬೆರಳಚ್ಚಿನಂಥ ಸಂಕೇತ) ಬರೆದಿರಬೇಕು. ಕ್ಯಾಮೆರಾದ ಗಡಿಯಾರ ಹತ್ತು ನಿಮಿಷ ಹಿಂದಿದ್ದರೆ ಟಿಕೆಟಿನ ಸಮಯಕ್ಕೂ ದೃಶ್ಯಕ್ಕೂ ತಾಳೆ ಬೀಳದು.

ಇದೇ ಕಾರಣಕ್ಕೆ, ಬಸ್ಸಿನಲ್ಲಿ ನಿಮ್ಮದೇ ಪರ್ಸು ಹೋದರೆ ಅವತ್ತೇ ದೂರು ಕೊಡಿ, ದೃಶ್ಯ ಉಳಿಸಿಡುವಂತೆ ಡಿಪೋಗೂ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಟಿಕೆಟಿನ ಫೋಟೊ ತೆಗೆದಿಡಿ. ಆ ಕಾಗದ ಬಿಸಿಗೆ ಮಾಸುತ್ತದೆ, ಬಸ್ ನಂಬರೂ ಅದರ ಜೊತೆಗೇ.